ತುದಿ ಕೂರಬೇಕು

ಹೋದ ಭಾನುವಾರ ಮನೆಯ ಹಳೇ ಯಮಹಾ ಆರ್‌ಎಕ್ಸ್ 100ರ ಕಾರ್ಬ್ಯುರೇಟರ್ ಬಿಚ್ಚಿದೆ. ಅದರ ತಳದ ಬಟ್ಟಲನ್ನು ಹಿಡಿದಿರುವ ಪುಟ್ಟ ಸ್ಕ್ರೂಗಳು ಎಂಥ ಹಟಮಾರಿಗಳು ಎಂಬುದು ಆ ಗಾಡಿ ಸಾಕಿದವರಿಗೆಲ್ಲ ಗೊತ್ತು. ಸ್ಕ್ರೂ ಉಕ್ಕಿನದು, ಅದು ಕೂತಿರುವುದು ಮೆತ್ತನೆಯ ಮಿಶ್ರಲೋಹದಲ್ಲಿ. ಅದರ ಮೇಲೆ ನಮ್ಮ ಶಿವಮೊಗ್ಗ ಕಡೆಯ ಮಳೆಗಾಲ. ಎರಡು ಲೋಹಗಳ ಸಂದಿಗೆ ನೀರು ಸೇರಿದರೆ ಬಿಳೀ ಪುಡಿ ಕಟ್ಟಿಕೊಂಡು ಥ್ರೆಡ್ಡು ಬಿಗಿದುಹೋಗುತ್ತದೆ. ಈ ಸಲ ನನ್ನ ಕೈಯಲ್ಲಿ ಹೊಸದಾಗಿ ತರಿಸಿಕೊಂಡ ಜಪಾನಿನ ಸ್ಕ್ರೂಡ್ರೈವರ್ ಇತ್ತು. ತುದಿಯನ್ನು ಸ್ಕ್ರೂವಿನ ತಲೆಯ ಮೇಲಿಟ್ಟು ತುಸು ಅಲುಗಿಸಿದೆ. ಅದು ತಳ ಮುಟ್ಟುವ ತನಕ ಇಳಿದು ಕೂತಿತು. ಎಡಬಲಕ್ಕೆ ಆಡಿಸಿದರೆ ಆಡಲಿಲ್ಲ. ಮೇಲಿಂದ ಒತ್ತಿ ಮಣಿಕಟ್ಟು ತಿರುವಿದೆ. ‘ಟಕ್’ ಎಂದು ಒಂದೇ ಸದ್ದು, ಸ್ಕ್ರೂ ಸಡಿಲವಾಯಿತು. ಪಕ್ಕದ್ದೂ ಹಾಗೇ, ಅದರಾಚೆಯದೂ ಹಾಗೇ. ತಲೆಗೆ ಒಂದು ಗೀರೂ ಬಿದ್ದಿರಲಿಲ್ಲ. ಸ್ಕ್ರೂಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಆ ಖುಷಿ ಇನ್ನೂ ಇಳಿದಿಲ್ಲ.

ನಮ್ಮಲ್ಲಿ ‘ಸ್ಟಾರ್’ ಅಂದರೆ ಒಂದೇ ಸ್ಟಾರ್. ಅಂಗಡಿಯವರಿಗೂ ಹಾಗೆ, ಗ್ಯಾರೇಜಿನವರಿಗೂ ಹಾಗೆ. ನಿಜಕ್ಕೂ ಪ್ಲಸ್ ಗುರುತಿನ ತಲೆಯಲ್ಲಿ ನಮ್ಮ ಕೈಗೆ ದಿನಾ ಸಿಗುವವೇ ಮೂರು ಬಗೆ: ಅಮೆರಿಕದ ಫಿಲಿಪ್ಸ್, ಯುರೋಪಿನ ಪೋಜಿಡ್ರೈವ್, ಜಪಾನಿನ ಜೆಐಎಸ್. ಫಿಲಿಪ್ಸ್ ತುದಿಯ ನಾಲ್ಕು ರೆಕ್ಕೆಗಳು ಬುಡದಲ್ಲಿ ಕೂಡುವ ಮೂಲೆ ಗುಂಡಗೆ, ದಪ್ಪಗೆ ಇರುತ್ತದೆ. ಜಪಾನಿನ ಸ್ಕ್ರೂವಿನಲ್ಲಿ ಆ ಮೂಲೆ ಚೂಪು. ಹಾಗಾಗಿ ಫಿಲಿಪ್ಸ್ ತುದಿ ಅಲ್ಲಿ ತಳ ಮುಟ್ಟುವ ಮೊದಲೇ ಸಿಕ್ಕಿಕೊಂಡು ಅರ್ಧದಲ್ಲೇ ನಿಲ್ಲುತ್ತದೆ. ನಿಂತದ್ದು ಕಣ್ಣಿಗೆ ಕಾಣುವುದಿಲ್ಲ. ತಿರುವಿದಾಗ ಮಾತ್ರ ಮೇಲಕ್ಕೆ ಹತ್ತಿ, ಜಾರಿ, ತಲೆಯನ್ನು ಕೆರೆದು ಬರುತ್ತದೆ. ಆರ್‌ಎಕ್ಸ್ 100 ನಮ್ಮ ರಸ್ತೆಗೆ ಇಳಿದದ್ದು 1985ರಲ್ಲಿ. ಅದೇ ವರ್ಷ ಹೀರೋ ಹೋಂಡಾದ ಸಿಡಿ 100 ಕೂಡ ಬಂತು. ಜಪಾನಿನ ನಕ್ಷೆಯ ಗಾಡಿಗಳ ಜೊತೆಗೆ ಜಪಾನಿನ ಸ್ಕ್ರೂಗಳೂ ಊರೂರಿಗೆ ಬಂದವು. ಅವಕ್ಕೆ ಹೊಂದುವ ಸ್ಕ್ರೂಡ್ರೈವರ್ ಮಾತ್ರ ಬರಲಿಲ್ಲ. ಅಂದಿನಿಂದ ಇಂದಿನವರೆಗೆ ಎಂಜಿನ್ನಿನ ಪಕ್ಕದ ಮುಚ್ಚಳದ ಸ್ಕ್ರೂಗಳನ್ನು ಉಳಿ, ಸುತ್ತಿಗೆ ಹಿಡಿದೇ ಬಿಚ್ಚುತ್ತಿದ್ದಾರೆ. ಯಾವುದೇ ಹಳೇ ಗಾಡಿಯ ಮುಚ್ಚಳ ನೋಡಿ, ಸ್ಕ್ರೂಗಳ ತಲೆಯ ಅಂಚಿನಲ್ಲಿ ಉಳಿಯ ಕಚ್ಚು ಇದ್ದೇ ಇರುತ್ತದೆ.

ಈ ಮಾತನ್ನು ನಮ್ಮ ಪೇಟೆಯ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಎತ್ತಿದೆ. ಕೈಗುಣದಲ್ಲಿ ಅವರನ್ನು ಮೀರಿಸುವವರು ನಮ್ಮ ಸುತ್ತಮುತ್ತ ಇಲ್ಲ. ‘ಅದೆಲ್ಲ ಸುಮ್ನೆ ಸರ್, ಸ್ಕ್ರೂನೇ ಮೆತ್ತಗೆ. ಕಂಪ್ನಿಯೋರು ಕಾಸು ಉಳ್ಸೋಕೆ ಹಾಕಿರ್ತಾರೆ’ ಅಂದರು. ಅವರ ಎದುರಿಗೇ, ಅವರದೇ ಗ್ಯಾರೇಜಿನಲ್ಲಿ ನಿಂತಿದ್ದ ಗಾಡಿಯ ಸ್ಕ್ರೂವನ್ನು ಬಿಚ್ಚಿ ತೋರಿಸಿದೆ. ‘ನಿಮ್ದು ಫಾರಿನ್ನು ಸರ್, ಅದ್ಕೇ’ ಅಂದರು. ನನಗೆ ಬೇಸರವಾದದ್ದು ಅಲ್ಲಿ. ಫಾರಿನ್ ಆದದ್ದರಿಂದ ಬಿಚ್ಚಿದ್ದಲ್ಲ, ಹೊಂದಿದ್ದರಿಂದ ಬಿಚ್ಚಿದ್ದು. ಒಸಾಕಾದ ವೆಸೆಲ್ ಕಂಪನಿಯದನ್ನೇ ಕೊಳ್ಳಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ಜಪಾನಿನ ಸ್ಕ್ರೂವಿಗೆ ಜಪಾನಿನ ಆಕಾರದ ತುದಿ ಹಿಡಿಯಿರಿ ಎನ್ನುತ್ತೇನೆ, ಅಷ್ಟೇ. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ ಒಂದು ಚುಕ್ಕೆ ಒತ್ತಿರುತ್ತಾರೆ, ಗುರುತು ಹಿಡಿಯಲು ಕಷ್ಟವೂ ಇಲ್ಲ.

ಫಿಲಿಪ್ಸನ್ನು ಬಯ್ಯುವವರ ಜೊತೆಗೂ ನಾನು ಪೂರ್ತಿ ಸೇರುವುದಿಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡಿನ ಹೆನ್ರಿ ಫಿಲಿಪ್ಸ್, ಜಾನ್ ಥಾಂಪ್ಸನ್ ಎಂಬಾತನಿಂದ ಕಲ್ಪನೆಯನ್ನು ಕೊಂಡು, ತಿದ್ದಿ, 1936ರಲ್ಲಿ ಪೇಟೆಂಟ್ ಪಡೆದ. ಆ ವರ್ಷವೇ ಜನರಲ್ ಮೋಟಾರ್ಸ್ ಅದನ್ನು ಕ್ಯಾಡಿಲಾಕ್ ಕಾರಿಗೆ ಹಾಕಿತು. ಯಂತ್ರಕ್ಕೆ ಕಟ್ಟಿದ ತುದಿ ತಾನಾಗಿ ನಡುವಿಗೆ ಬಂದು ಕೂರಬೇಕು, ಕಾರ್ಖಾನೆಯ ಸಾಲಿನಲ್ಲಿ ಕೆಲಸ ಬೇಗ ಮುಗಿಯಬೇಕು ಎಂಬುದು ಅದರ ಉದ್ದೇಶ. ಅತಿ ಬಿಗಿಯಾಗದಿರಲೆಂದು ಬೇಕಂತಲೇ ಜಾರುವ ಹಾಗೆ ಮಾಡಿದ್ದಾರೆ ಎಂದು ಬಹಳ ಮಂದಿ ಹೇಳುತ್ತಾರೆ. ಮೊದಲಿನ ಪೇಟೆಂಟುಗಳಲ್ಲಿ ಆ ಮಾತಿಲ್ಲ. ಜಾರುವುದು ಅದರ ಇಳಿಜಾರು ಗೋಡೆಗಳ ಗುಣ, ಆಮೇಲೆ ಅದಕ್ಕೊಂದು ಒಳ್ಳೆಯ ಕಾರಣ ಹುಡುಕಿದರು. ಜಾರದ ಸ್ಕ್ರೂ ಅದಕ್ಕೂ ಮೊದಲೇ ಇತ್ತು. ಕೆನಡಾದ ರಾಬರ್ಟ್‌ಸನ್ 1908ರ ಹೊತ್ತಿಗೇ ಚೌಕ ಗುಂಡಿಯ ಸ್ಕ್ರೂ ಮಾಡಿದ್ದ. ಫೋರ್ಡ್ ಕಂಪನಿಯ ಜೊತೆ ಅವನ ಮಾತುಕತೆ ಮುರಿದುಬಿದ್ದು ಅದು ಕೆನಡಾ ದಾಟಿ ಹೆಚ್ಚು ಹರಡಲಿಲ್ಲ. ಒಳ್ಳೆಯ ವಸ್ತುವೊಂದು ಹಾಗೆ ಒಂದು ದೇಶದೊಳಗೇ ಉಳಿದುಬಿಟ್ಟದ್ದು ನನಗೆ ಇವತ್ತಿಗೂ ಸಂಕಟ.

ಇನ್ನು ಪೋಜಿಡ್ರೈವ್. ಪ್ಲಸ್ ಗುರುತಿನ ನಡುನಡುವೆ ಓರೆಯಾಗಿ ನಾಲ್ಕು ಸಣ್ಣ ಗೆರೆಗಳಿದ್ದರೆ ಅದೇ. ನಮ್ಮ ಮಾಡ್ಯುಲರ್ ಅಡುಗೆಮನೆಗಳ ಬಾಗಿಲಿಗೆ ಹಾಕುವ ಯುರೋಪ್ ಮಾದರಿಯ ಹಿಂಜುಗಳಲ್ಲಿ ಬಾಗಿಲನ್ನು ಎತ್ತಿಳಿಸುವ, ಒಳಹೊರಗೆ ಸರಿಸುವ ಸ್ಕ್ರೂಗಳು ಸಾಮಾನ್ಯವಾಗಿ ಈ ಜಾತಿಯವು. ಬಾಗಿಲು ಜೋತುಬಿತ್ತೆಂದು ಮನೆಯವರು ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುವುತ್ತಾರೆ, ತಲೆ ಸವೆಯುತ್ತದೆ, ಹಿಂಜು ಬದಲಾಯಿಸಬೇಕೆಂದು ಫಿಟ್ಟರು ಹೇಳುತ್ತಾನೆ. ಪಿಝಡ್ 2 ಎಂದು ಬರೆದಿರುವ ಒಂದು ಬಿಟ್ಟು ಮನೆಯಲ್ಲಿದ್ದರೆ ಕೆಲಸ ನಿಮಿಷದಲ್ಲಿ ಮುಗಿಯುತ್ತಿತ್ತು.

ಬೆಂಗಳೂರಿಗೆ ಹೋದರೆ ಎಸ್.ಪಿ. ರೋಡಿಗೆ ಹೋಗದೆ ನನಗೆ ಬರಲಾಗುವುದಿಲ್ಲ. ಅಲ್ಲಿ ಸ್ಕ್ರೂಡ್ರೈವರ್ ಕೇಳಿದರೆ ಮೊದಲು ಸೂಟ್‌ಕೇಸು ಬಿಚ್ಚುತ್ತಾರೆ. ಒಳಗೆ ಬಣ್ಣಬಣ್ಣದ ಹಿಡಿ, ಸಾಲುಸಾಲು ಬಿಟ್ಟು. ಜನ ಹಿಡಿ ನೋಡಿ ಕೊಳ್ಳುತ್ತಾರೆ. ಕೆಲಸ ಮಾಡುವುದು ತುದಿಯ ನಾಲ್ಕೈದು ಮಿಲಿಮೀಟರ್, ಅದನ್ನು ಯಾರೂ ನೋಡುವುದಿಲ್ಲ. ನಾನು ಜೇಬಿನಲ್ಲಿ ಬೇರೆಬೇರೆ ಅಳತೆಯ ಸ್ಕ್ರೂಗಳನ್ನು ಇಟ್ಟುಕೊಂಡೇ ಹೋಗುತ್ತೇನೆ. ಸ್ಕ್ರೂಡ್ರೈವರನ್ನು ಅಡ್ಡಲಾಗಿ ಹಿಡಿದು, ತುದಿಗೆ ಸ್ಕ್ರೂ ಸಿಕ್ಕಿಸಿ ಬಿಟ್ಟುಬಿಡುವುದು. ಹೊಂದಿಕೆ ಸರಿಯಿದ್ದರೆ ಆಯಸ್ಕಾಂತದ ಹಂಗಿಲ್ಲದೆ ಅದು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಹಿತ್ತಾಳೆ ಸ್ಕ್ರೂ ಒಂದನ್ನು ಮರೆಯದೆ ಒಯ್ಯಬೇಕು, ಅದನ್ನು ಆಯಸ್ಕಾಂತ ಹಿಡಿಯುವುದಿಲ್ಲ. ‘ಮ್ಯಾಗ್ನೆಟ್ ಇದೆ ಸಾರ್, ತಗೊಳಿ’ ಎನ್ನುವ ಅಂಗಡಿಯವರ ಬಾಯಿ ಆ ಪರೀಕ್ಷೆಗೆ ಕಟ್ಟುತ್ತದೆ. ಕ್ರೋಮ್ ವೆನೇಡಿಯಂ ಎಂದು ಕಡ್ಡಿಯ ಮೇಲೆ ಒತ್ತಿರುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾರು ಬೇಕಾದರೂ ಒತ್ತಬಹುದು. ನಮ್ಮ ನಾಸಿಕ್ಕಿನ ಟಪಾರಿಯಾದವರ ಸಾದಾ ಸ್ಕ್ರೂಡ್ರೈವರು ಬೆಲೆಗೆ ಮೋಸವಿಲ್ಲದ ಮಾಲು. ಮನೆಗೆ ಎರಡು ಮೈನಸ್, ಎರಡು ಸ್ಟಾರ್ ಅವರದೇ ಇದ್ದರೆ ಸಾಕು. ಸೂಟ್‌ಕೇಸು ಬೇಡ.

ಈಗ ನನ್ನ ನಿಜವಾದ ಪ್ರೀತಿಗೆ ಬರುತ್ತೇನೆ, ಅದು ಮೈನಸ್. ನೇರ ಗೀರಿನ ಸ್ಕ್ರೂ ಹಳೇ ಕಾಲದ್ದು, ಬರೀ ಜಾರುತ್ತದೆ ಎಂದು ಈಗಿನ ಹುಡುಗರು ಮೂಗು ಮುರಿಯುತ್ತಾರೆ. ಜಾರುವುದು ಗೀರಿನ ದೋಷವಲ್ಲ. ಗೀರಿನ ಎರಡೂ ಗೋಡೆಗಳು ಒಂದಕ್ಕೊಂದು ಸಮಾನಾಂತರವಾಗಿ ನೇರ ಕೆಳಗಿಳಿಯುತ್ತವೆ. ಅಂಗಡಿಯ ಮೈನಸ್ ತುದಿಯಾದರೋ ಬೆಣೆಯ ಆಕಾರ, ಮೇಲೆ ದಪ್ಪ, ಕೆಳಗೆ ತೆಳು. ಬೆಣೆಯನ್ನು ನೇರ ಗೀರಿಗೆ ಹಾಕಿದರೆ ಅದು ಮುಟ್ಟುವುದು ಮೇಲಂಚಿನ ಎರಡು ಗೆರೆಗಳಲ್ಲಿ ಮಾತ್ರ. ತಿರುವಿದ ಬಲದಲ್ಲಿ ಒಂದು ಪಾಲು ಇಳಿಜಾರು ಹತ್ತಿ ತುದಿಯನ್ನೇ ಮೇಲಕ್ಕೆ ದಬ್ಬುತ್ತದೆ. ನಾವು ಒತ್ತುತ್ತೇವೆ, ಅದು ದಬ್ಬುತ್ತದೆ, ಕೊನೆಗೆ ಅಂಚು ಹರಿಯುತ್ತದೆ. ವಾಚ್ ರಿಪೇರಿಯವರು, ಬಂದೂಕು ರಿಪೇರಿಯವರು ಈ ಗುಟ್ಟು ಬಲ್ಲರು. ಬೆಂಗಳೂರಿನಲ್ಲಿ ಎಚ್ಎಂಟಿ ಕೈಗಡಿಯಾರ ಮಾಡುತ್ತಿದ್ದ ಕಾಲದಲ್ಲಿ ಅಲ್ಲಿ ಕಲಿತು ಹೊರಬಂದ ಹಿರಿಯರೊಬ್ಬರು ನಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿದ್ದರು. ಹೊಸ ಸ್ಕ್ರೂಡ್ರೈವರ್ ಬಂದರೆ ಅದನ್ನು ಸಾಣೆಕಲ್ಲಿಗೆ ಉಜ್ಜದೆ ಅವರು ಗಡಿಯಾರದ ಹತ್ತಿರವೂ ಒಯ್ಯುತ್ತಿರಲಿಲ್ಲ.

ದೊಡ್ಡ ಸ್ಕ್ರೂಡ್ರೈವರಿಗೂ ಅದೇ ಚಿಕಿತ್ಸೆ. ವೈಸಿನಲ್ಲಿ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿ. ಸಣ್ಣ ಹಲ್ಲಿನ ಚಪ್ಪಟೆ ಅರ ತೆಗೆದುಕೊಂಡು ತುದಿಯ ಮೂರ್ನಾಲ್ಕು ಮಿಲಿಮೀಟರಿನಷ್ಟು ಜಾಗದಲ್ಲಿ ಎರಡೂ ಮುಖಗಳನ್ನು ಸಮಾನಾಂತರ ಮಾಡಿ. ಒಂದು ಮುಖಕ್ಕೆ ಎಷ್ಟು ಎಳೆತವೋ ಇನ್ನೊಂದಕ್ಕೂ ಅಷ್ಟೇ, ಇಲ್ಲದಿದ್ದರೆ ತುದಿ ಒಂದು ಕಡೆ ವಾಲುತ್ತದೆ. ಅಳೆಯಲು ಕ್ಯಾಲಿಪರ್ ಬೇಡ, ಯಾವ ಸ್ಕ್ರೂ ಬಿಚ್ಚಬೇಕೋ ಅದರ ಗೀರೇ ಅಳತೆ. ತುದಿ ಗೀರಿಗೆ ಬಿಗಿಯಾಗಿ, ತಡೆಯದೆ ಇಳಿಯಬೇಕು. ಅಗಲ ಸ್ಕ್ರೂವಿನ ತಲೆಯಷ್ಟೇ ಇರಲಿ, ಹೆಚ್ಚಾದರೆ ಸುತ್ತಲಿನ ಮರ ಗೀರುತ್ತದೆ, ಕಡಿಮೆಯಾದರೆ ಗೀರಿನ ನಡುವನ್ನಷ್ಟೇ ತಿನ್ನುತ್ತದೆ. ಕೊನೆಗೆ ತುದಿಯ ಅಂಚನ್ನು ಚಚ್ಚೌಕವಾಗಿ ಸಮ ಮಾಡಿ. ಮೂಲೆಗಳನ್ನು ಗುಂಡಗೆ ಮಾಡಬೇಡಿ, ಹಿಡಿತ ಇರುವುದು ಅಲ್ಲೇ.

ಅರ ಸಲೀಸಾಗಿ ತಿಂದರೆ ಆ ಉಕ್ಕಿಗೆ ಹದ ಕೊಟ್ಟಿಲ್ಲ, ಅಂಥದ್ದನ್ನು ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಲು ಇಟ್ಟುಕೊಳ್ಳಿ. ಅರ ತುಸು ಕಷ್ಟಪಟ್ಟು ಕಚ್ಚಿದರೆ ಒಳ್ಳೆಯ ಹದ. ಪೂರ್ತಿ ಜಾರಿದರೆ ವಜ್ರದ ಪುಡಿ ಕೂರಿಸಿದ ಸಾಣೆಪಟ್ಟಿ ಬಳಸಿ. ಬೆಂಚ್ ಗ್ರೈಂಡರಿಗೆ ಮಾತ್ರ ಒಯ್ಯಬೇಡಿ. ಒಯ್ಯಲೇಬೇಕಾದರೆ ಮುಟ್ಟಿಸಿದ ಮರುಕ್ಷಣ ನೀರಿಗೆ ಅದ್ದಿ. ತುದಿ ಮೊದಲು ಗೋಧಿ ಬಣ್ಣಕ್ಕೆ, ಆಮೇಲೆ ಕಂದಿಗೆ, ಆಮೇಲೆ ನೀಲಿಗೆ ತಿರುಗುತ್ತದೆ. ನೀಲಿ ಅಂದರೆ ಸುಮಾರು 300 ಡಿಗ್ರಿ ಶಾಖ. ಅಲ್ಲಿಗೆ ಹೋದ ತುದಿ ಆಮೇಲೆ ಬಿಗಿ ಸ್ಕ್ರೂವಿನಲ್ಲಿ ತಿರುಚಿಕೊಳ್ಳುತ್ತದೆ. ಹೀಗೆ ತಿದ್ದಿದ ಮೈನಸ್ ಹಿಡಿದು ತುಕ್ಕು ಹಿಡಿದ ಬೀಗದ ಪಟ್ಟಿಯೊಂದನ್ನು ಬಿಚ್ಚಿ ನೋಡಿ. ಮೈನಸ್ ಜಾರುತ್ತದೆ ಎಂಬ ಮಾತು ಮತ್ತೆ ನಿಮ್ಮ ಬಾಯಲ್ಲಿ ಬರುವುದಿಲ್ಲ.

ಸ್ಕ್ರೂ ಮತ್ತು ಸ್ಕ್ರೂಡ್ರೈವರಿನ ತುದಿ ಹುಟ್ಟಿನಿಂದಲೂ ಜೋಡಿ. ವಿಟೋಲ್ಡ್ ರಿಬ್‌ಚಿನ್‌ಸ್ಕಿ ಎಂಬ ಲೇಖಕ 2000ನೇ ಇಸವಿಯಲ್ಲಿ ಈ ಉಪಕರಣದ ಮೇಲೆಯೇ ‘ಒನ್ ಗುಡ್ ಟರ್ನ್’ ಎಂಬ ಪುಸ್ತಕ ಬರೆದ. ಹದಿನೈದನೇ ಶತಮಾನದ ಕೊನೆಯ ಭಾಗದ ಜರ್ಮನ್ ಸಚಿತ್ರ ಹಸ್ತಪ್ರತಿಯೊಂದರ ತನಕ ಅವನು ಇದರ ಜಾಡು ಹಿಡಿದು ಹೋಗುತ್ತಾನೆ. ಕವಚ, ಬಂದೂಕುಗಳಲ್ಲಿ ಸ್ಕ್ರೂ ಹಾಕುತ್ತಿದ್ದ ಆ ಕಾಲದಲ್ಲಿ ಒಂದೊಂದರ ಗೀರನ್ನೂ ಕೈಯಲ್ಲೇ ಕೊಯ್ಯುತ್ತಿದ್ದರು. ಒಂದರ ಗೀರು ಇನ್ನೊಂದರಂತೆ ಇರುತ್ತಿರಲಿಲ್ಲ. ತುದಿಯನ್ನು ಸ್ಕ್ರೂವಿಗೆ ತಕ್ಕಂತೆ ತಿದ್ದಿಕೊಳ್ಳದೆ ಕೆಲಸವೇ ನಡೆಯುತ್ತಿರಲಿಲ್ಲ. ಅರ ಹಿಡಿದು ಕೂತಾಗ ನಾನು ಮಾಡುವುದೂ ಅದನ್ನೇ ಎಂಬುದು ನನಗೆ ಬಹಳ ಹಿತ ಕೊಡುವ ಸಂಗತಿ.

ಆದರೆ ಇಷ್ಟೆಲ್ಲ ಪ್ರೀತಿಯಿಂದ ತಿದ್ದಿದ ತುದಿ ಇಟ್ಟುಕೊಂಡು ಏನು ಮಾಡುವುದು, ಬಡಗಿ ಕೆಲಸಕ್ಕೆ ಬಂದವರು ಸ್ಕ್ರೂವನ್ನು ಸುತ್ತಿಗೆಯಲ್ಲಿ ಹೊಡೆಯುತ್ತಾರೆ! ನನ್ನ ಜಗಳವೆಲ್ಲ ಇವರ ಜೊತೆ. ಮುಕ್ಕಾಲು ಭಾಗ ಮೊಳೆಯಂತೆ ಹೊಡೆದು ಇಳಿಸುವುದು, ಕೊನೆಗೆ ಎರಡು ಸುತ್ತು ತಿರುವಿ ಬಿಗಿ ಮಾಡಿದ ಶಾಸ್ತ್ರ. ‘ಇದೇನ್ರೀ ಆಚಾರ್ರೇ?’ ಅಂದರೆ ‘ಗಟ್ಟಿ ಇರ್ತದೆ ಬಿಡಿ, ಎಷ್ಟೋ ಮನೆ ಮಾಡಿದ್ದೀವಿ’ ಎಂಬ ಉತ್ತರ. ಗಟ್ಟಿ ಹೇಗಿರುತ್ತದೆ? ಸ್ಕ್ರೂವಿನ ಹಿಡಿತ ಇರುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಮರದ ನಾರಿನಲ್ಲಿ. ಹೊಡೆದು ಇಳಿಸಿದಾಗ ಎಳೆಗಳು ಆ ನಾರನ್ನು ಸಾಲಾಗಿ ಹರಿದುಕೊಂಡು ಹೋಗುತ್ತವೆ. ಹೊರಗೆ ಚೊಕ್ಕವಾದ ತಲೆ, ಒಳಗೆ ಹೊಟ್ಟು. ಎರಡು ಮಳೆಗಾಲ ಕಳೆಯುವುದರೊಳಗೆ ಬಾಗಿಲು ಇಳಿದು ನೆಲ ಕೆರೆಯುತ್ತದೆ. ಆಗ ‘ಮರ ಹಸಿ ಇತ್ತು’ ಎನ್ನುತ್ತಾರೆ. ಮರ ಏನು ಮಾಡಿತ್ತು ಇವರಿಗೆ? ಚೂಪು ತುದಿಯ ಮರದ ಸ್ಕ್ರೂ ಯಂತ್ರದಲ್ಲಿ ತಯಾರಾಗತೊಡಗಿದ್ದು 1840ರ ದಶಕದಲ್ಲಿ, ಅಮೆರಿಕದಲ್ಲಿ. ಅದಕ್ಕೂ ಮೊದಲು ತುದಿ ಮೊಂಡಾಗಿರುತ್ತಿತ್ತು, ಬೈರಿಗೆ ಹಿಡಿದು ದಾರಿ ಕೊರೆಯದೆ ಯಾರಿಗೂ ಸ್ಕ್ರೂ ಕೂರಿಸಲು ಆಗುತ್ತಿರಲಿಲ್ಲ. ಚೂಪು ಮಾಡಿಕೊಟ್ಟದ್ದನ್ನೇ ಇವರು ಹೊಡೆಯಲು ಅಪ್ಪಣೆ ಎಂದುಕೊಂಡರೋ ಏನೋ. ತೇಗದ ಬಾಗಿಲಿಗೆ ಸುತ್ತಿಗೆಯಲ್ಲಿ ಸ್ಕ್ರೂ ಹೊಡೆಯುವ ಸದ್ದು ಕೇಳಿದರೆ ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ.

ಹಿತ್ತಾಳೆ ಹಿಂಜಿಗೆ ಹಿತ್ತಾಳೆ ಸ್ಕ್ರೂ ಹಾಕುವಾಗಂತೂ ಆತುರ ಕೂಡದು. ಹಿತ್ತಾಳೆ ಮೆತ್ತಗೆ, ತೇಗ ಗಟ್ಟಿ, ಬಲ ಹಾಕಿದರೆ ಕತ್ತು ಮುರಿದು ಅರ್ಧ ಒಳಗೇ ಉಳಿಯುತ್ತದೆ. ಮೊದಲು ತೂತು ಕೊರೆಯಬೇಕು. ಆಮೇಲೆ ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ಪೂರ್ತಿ ಇಳಿಸಿ, ಬಿಚ್ಚಿ ತೆಗೆಯಬೇಕು. ಅದು ಮರದಲ್ಲಿ ಎಳೆಯ ದಾರಿ ಮಾಡಿಕೊಟ್ಟಿರುತ್ತದೆ. ಆ ದಾರಿಯಲ್ಲಿ, ಮೇಣ ಸವರಿದ ಹಿತ್ತಾಳೆ ಸ್ಕ್ರೂವನ್ನು ಕೈಯಲ್ಲೇ ತಿರುವಿ ಕೂರಿಸುವುದು. ಸೋಪು ಸವರುವವರಿದ್ದಾರೆ, ಸೋಪು ತೇವ ಎಳೆಯುತ್ತದೆ, ಉಕ್ಕಿನ ಸ್ಕ್ರೂವಾದರೆ ಅಲ್ಲೇ ತುಕ್ಕು. ಮೋಂಬತ್ತಿಯ ತುಂಡೊಂದು ಸಾಕು.

ಬಡಗಿಗಳ ಮೇಲೆ ನನಗೆ ಬೇಸರ, ಎಲೆಕ್ಟ್ರಿಷಿಯನ್ನರ ಮೇಲೆ ಸಿಟ್ಟು. ಸಿಟ್ಟಿಗೆ ಕಾರಣ ಟೆಸ್ಟರ್. ಅದು ಕರೆಂಟ್ ಇದೆಯೋ ಇಲ್ಲವೋ ನೋಡುವ ಸಲಕರಣೆ. ಹಿಡಿಯೊಳಗೆ ಒಂದು ನಿಯಾನ್ ದೀಪ, ಅದರ ಹಿಂದೆ ಹತ್ತು ಲಕ್ಷ ಓಮ್ ಆಸುಪಾಸಿನ ಒಂದು ರೆಸಿಸ್ಟರ್. 230 ವೋಲ್ಟಿನ ತಂತಿಗೂ ನಮ್ಮ ಬೆರಳಿಗೂ ನಡುವೆ ಅಷ್ಟೇ ಇರುವುದು. ಇಂಥ ನಾಜೂಕಾದದ್ದನ್ನು ಊರಿನ ಹುಡುಗರೆಲ್ಲ ಸ್ಕ್ರೂಡ್ರೈವರ್ ಮಾಡಿಕೊಂಡಿದ್ದಾರೆ. ಬಿಚ್ಚಲೂ ಟೆಸ್ಟರು, ಬಿಗಿ ಮಾಡಲೂ ಟೆಸ್ಟರು, ಗೋಡೆ ಕೆದಕಲೂ ಟೆಸ್ಟರು. ಹಿಡಿ ಸೀಳಿರುತ್ತದೆ, ಕಡ್ಡಿಯ ಪ್ಲಾಸ್ಟಿಕ್ ಕವಚ ಹರಿದಿರುತ್ತದೆ, ಅದನ್ನೇ ಜೇಬಿಗೆ ಸಿಕ್ಕಿಸಿಕೊಂಡು ಮತ್ತೊಂದು ಮನೆಗೆ ಹೋಗುತ್ತಾರೆ.

ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಟೆಸ್ಟರಿನ ತುದಿ ತೆಳು, ಹಿಡಿ ಸಪೂರ. ಅದರಿಂದ ಸಾಕೆಟ್ಟಿನ ಟರ್ಮಿನಲ್ ಸ್ಕ್ರೂವನ್ನು ಬೇಕಾದಷ್ಟು ಬಿಗಿ ಮಾಡಲು ಸಾಧ್ಯವೇ ಇಲ್ಲ. ತಿರುವುವ ಬಲ ಹಿಡಿಯ ದಪ್ಪದಿಂದ ಬರುವಂಥದ್ದು. 2000 ವಾಟಿನ ಗೀಸರು ಎಂಟೂವರೆ ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ, 3000 ವಾಟಿನದು ಹದಿಮೂರು. ಅಷ್ಟು ಕರೆಂಟು ಸಡಿಲ ಸ್ಕ್ರೂವಿನ ಕೆಳಗಿನ ತಂತಿಯಲ್ಲಿ ಹರಿದರೆ ಆ ಜಾಗ ಕಾಯುತ್ತದೆ, ಕಾದು ಇನ್ನೂ ಸಡಿಲವಾಗುತ್ತದೆ, ಕೊನೆಗೆ ಪ್ಲಗ್ಗು ಕರಗಿ ಬಚ್ಚಲಲ್ಲಿ ಸುಟ್ಟ ವಾಸನೆ. ನಮ್ಮ ಮನೆಯಲ್ಲೂ ಆದದ್ದು ಇದೇ. ಬಂದ ಹುಡುಗ ‘ಸಾಕೆಟ್ ಲೋಕಲ್ ಇರ್ಬೇಕು ಅಂಕಲ್’ ಅಂದ. ಬಿಚ್ಚಿ ನೋಡಿದರೆ ಟರ್ಮಿನಲ್ ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು. ‘ಹೋದ ಸಲ ಇದನ್ನ ಯಾವುದರಲ್ಲಿ ಟೈಟ್ ಮಾಡಿದ್ದಪ್ಪಾ?’ ಎಂದು ಕೇಳಿದೆ. ಅವನ ಕೈ ತಾನಾಗಿ ಜೇಬಿನ ಟೆಸ್ಟರಿಗೆ ಹೋಯಿತು. ಎರಡು ತ್ರಿಕೋನದ ಗುರುತು, ಪಕ್ಕದಲ್ಲಿ 1000 ವೋಲ್ಟ್ ಎಂದು ಬರೆದ, ತುದಿಯವರೆಗೂ ಕವಚವಿರುವ ಸ್ಕ್ರೂಡ್ರೈವರುಗಳು ಪೇಟೆಯಲ್ಲೇ ಸಿಗುತ್ತವೆ. ಒಂದು ದಿನದ ಕೂಲಿಯಷ್ಟೂ ಆಗುವುದಿಲ್ಲ. ಜೀವದ ಜೊತೆ ಆಡುವ ಕೆಲಸದಲ್ಲಿ ಅಷ್ಟೂ ಖರ್ಚು ಮಾಡದವರನ್ನು ಕುಶಲಕರ್ಮಿ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಹಿಡಿಯ ಮಾತು ಬಂತು. ಅವೆನ್ಯೂ ರಸ್ತೆಯ ಆಸುಪಾಸಿನ ಸಂಡೇ ಬಜಾರಿನಲ್ಲಿ ಹಳೇ ಅಮೆರಿಕನ್ ಸ್ಕ್ರೂಡ್ರೈವರುಗಳು ಆಗಾಗ ಸಿಗುತ್ತವೆ. ಪಾರದರ್ಶಕ ಹಿಡಿ, ಒಳ್ಳೆಯ ಉಕ್ಕು, ಆದರೆ ಮುಚ್ಚಿಟ್ಟ ಪೆಟ್ಟಿಗೆ ತೆರೆದರೆ ಗಬ್ಬು ನಾತ. ಆ ಪ್ಲಾಸ್ಟಿಕ್ಕನ್ನು ಮಾಡುವುದು ಸೆಲ್ಯುಲೋಸಿನಿಂದ. ಹಳತಾದಂತೆ ಅದರಿಂದ ಬ್ಯುಟಿರಿಕ್ ಆಮ್ಲ ಹೊರಬೀಳುತ್ತದೆ, ಕಮಟು ಹಿಡಿದ ಬೆಣ್ಣೆಯಲ್ಲಿ ನಾರುವುದೂ ಅದೇ ಆಮ್ಲ. ಹಿಡಿಯ ಮೇಲೆ ಬಿಳೀ ಹುಡಿ ಕೂತಿರುತ್ತದೆ. ಒರೆಸಿ, ಗಾಳಿಗಿಟ್ಟರೆ ಕಮ್ಮಿಯಾಗುತ್ತದೆ. ನಾತಕ್ಕೆ ಹೆದರಿ ಅಂಥದ್ದನ್ನು ಬಿಟ್ಟುಬರಬೇಡಿ.

ಕೊನೆಯದಾಗಿ ಸ್ವಿಚ್ ಬೋರ್ಡು. ನೇರ ಗೀರಿನ ಸ್ಕ್ರೂ ಹಾಕಿದ ಪಟ್ಟಿಗಳಲ್ಲಿ ಗೀರುಗಳೆಲ್ಲ ಮೇಲಿಂದ ಕೆಳಕ್ಕೆ ನೆಟ್ಟಗೆ ನಿಲ್ಲಬೇಕು. ಅಡ್ಡ ನಿಂತರೆ ಧೂಳು ಕೂರುತ್ತದೆ, ಒಂದೊಂದು ಒಂದೊಂದು ದಿಕ್ಕಿಗಿದ್ದರೆ ಕಣ್ಣಿಗೆ ಚುಚ್ಚುತ್ತದೆ. ನೆಟ್ಟಗೆ ನಿಲ್ಲಿಸಲೆಂದು ಬಿಗಿಯಾದ ಸ್ಕ್ರೂವನ್ನು ಕಾಲು ಸುತ್ತು ಹಿಂದಕ್ಕೆ ತಿರುವುವವರಿದ್ದಾರೆ. ಅದು ತಪ್ಪು, ಸಡಿಲವಾಯಿತಲ್ಲ! ಮುಂದಕ್ಕೆ ತಿರುವಿ ಪಟ್ಟಿ ಸೀಳುವವರೂ ಇದ್ದಾರೆ. ದಾರಿ ಬೇರೆಯೇ ಇದೆ. ಒಂದು ತೂತಿನಲ್ಲಿ ಓರೆಯಾಗಿ ನಿಂತ ಸ್ಕ್ರೂವನ್ನು ಬಿಚ್ಚಿ ಪಕ್ಕದ ತೂತಿಗೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ತನ್ನಿ. ಎಳೆ ಶುರುವಾಗುವ ಜಾಗ, ಗೀರು ಕೊಯ್ದ ಕೋನ ಒಂದೊಂದರಲ್ಲಿ ಒಂದೊಂದು ರೀತಿ ಇರುವುದರಿಂದ ಯಾವುದೋ ಒಂದು ಬಿಗಿಯಾಗುವ ಹೊತ್ತಿಗೇ ನೆಟ್ಟಗೆ ನಿಲ್ಲುತ್ತದೆ. ಅದಕ್ಕೇ ನಾಲ್ಕು ಸ್ಕ್ರೂ ಬೇಕಾದ ಕಡೆ ನಾನು ಒಂದು ಡಜನ್ ಕೊಳ್ಳುವುದು. ಉಳಿದವನ್ನು ಮಿಷನ್ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಮುಂದಿನ ಬೋರ್ಡಿಗಾಗುತ್ತವೆ.